ಸರೋವರದ ನಾಲಿಗೆ



ನೀರ್ ದೋಸೆ ಹೊಯ್ಯುವವರಿಗೆಲ್ಲ ಗೊತ್ತಿರುವ ಒಂದು ವಿಷಯವಿದೆ. ಪ್ರತಿ ದೋಸೆಗೂ ಮೊದಲು ಹಿಟ್ಟನ್ನು ಸೌಟಿನಿಂದ ತಳದವರೆಗೆ ಕದಡಬೇಕು. ಮರೆತರೆ ಮೊದಲಿನ ದೋಸೆಗಳು ಬರೀ ನೀರಾಗುತ್ತವೆ, ಕೊನೆಯವು ರೊಟ್ಟಿಯಂತೆ ದಪ್ಪಗಾಗುತ್ತವೆ. ಅಕ್ಕಿಯ ಕಣ ನೀರಿಗಿಂತ ಭಾರ. ಸುಮ್ಮನೆ ಬಿಟ್ಟರೆ ಅದು ತಳ ಸೇರುತ್ತದೆ. ಇದನ್ನು ನಮಗೆ ಯಾವ ಪುಸ್ತಕವೂ ಕಲಿಸಲಿಲ್ಲ, ಕೈಯೇ ಕಲಿಸಿತು.

ಈ ಮಾತು ಈಗೇಕೆ ಎಂದು ಕೇಳುತ್ತೀರಾ? ನಮ್ಮ ಮನೆಯಲ್ಲಿ ಕಳೆದ ಕೆಲವು ವಾರಗಳಿಂದ ಒಂದು ಚರ್ಚೆ ನಡೆಯುತ್ತಿದೆ. ಮಗಳು ಪಿಯುಸಿ ಮುಗಿಸಿದ್ದಾಳೆ. ಒಳ್ಳೆಯ ಅಂಕ ಬಂದಿದೆ. ಬಿ.ಎಸ್ಸಿ.ಯಲ್ಲಿ ಭೂವಿಜ್ಞಾನ ತೆಗೆದುಕೊಳ್ಳುತ್ತೇನೆ ಎಂದು ಹಠ ಹಿಡಿದಿದ್ದಾಳೆ. "ಕಲ್ಲು ಮಣ್ಣು ನೋಡಲಿಕ್ಕೆ ಕಾಲೇಜಿಗೆ ಹೋಗಬೇಕೇ? ನಮ್ಮ ಅಂಗಳದಲ್ಲಿ ಇಲ್ಲವೇ?" ಎಂದರು ಅತ್ತೆ. ಯಜಮಾನರು ಏನೂ ಹೇಳದೆ ಪತ್ರಿಕೆ ಮಡಚಿಟ್ಟರು. ನಿಜ ಹೇಳಬೇಕೆಂದರೆ ನನಗೂ ಮನಸ್ಸಿರಲಿಲ್ಲ. ಟೀಚರ್ ಆದರೆ ಮನೆಯ ಹತ್ತಿರ ಕೆಲಸ ಸಿಗಬಹುದು, ಬಿ.ಕಾಂ. ಆದರೆ ಬ್ಯಾಂಕ್ ಸೇರಬಹುದು. ಕಲ್ಲು ಓದಿದ ಹುಡುಗಿ ಏನು ಮಾಡುತ್ತಾಳೆ?

ಮಗಳು ವಾದ ಮಾಡಲಿಲ್ಲ. ಅಡುಗೆ ಮನೆಗೆ ಬಂದು ಜಾಮ್‌ನ ಖಾಲಿ ಗಾಜಿನ ಬಾಟಲಿ ತೆಗೆದುಕೊಂಡಳು. ಒಂದು ಹಿಡಿ ಮರಳು, ಒಂದು ಹಿಡಿ ತೋಟದ ಮಣ್ಣು ಹಾಕಿ, ನೀರು ತುಂಬಿಸಿ, ಮುಚ್ಚಳ ಬಿಗಿದು ಚೆನ್ನಾಗಿ ಕುಲುಕಿ ಕಿಟಕಿಯ ಬಳಿ ಇಟ್ಟಳು. "ಉಮ್ಮಾ, ಇದನ್ನು ಯಾರೂ ಮುಟ್ಟಬೇಡಿ" ಎಂದಳು.

ನೀವೂ ಮಾಡಿ ನೋಡಿ. ದಪ್ಪ ಮರಳು ಕೆಲವೇ ಸೆಕೆಂಡುಗಳಲ್ಲಿ ತಳ ಸೇರುತ್ತದೆ. ಸಣ್ಣ ಮರಳು ಅದರ ಮೇಲೆ. ನುಣ್ಣನೆಯ ಮಣ್ಣು ಸಂಜೆಯವರೆಗೂ ಇಳಿಯುತ್ತಲೇ ಇರುತ್ತದೆ. ಜೇಡಿಯ ಅತಿ ಸಣ್ಣ ಕಣಗಳು ಮರುದಿನವೂ ನೀರನ್ನು ಮಸುಕಾಗಿಸಿ ತೇಲುತ್ತಿರುತ್ತವೆ. ಎಲ್ಲವೂ ಇಳಿದ ಮೇಲೆ ನೋಡಿದರೆ, ತಳದಲ್ಲಿ ಒರಟು, ಮೇಲೆ ಹೋದಂತೆ ನಯ. ಎರಡನೇ ದಿನ ಮಗಳು ಮತ್ತೊಂದು ಲೋಟ ಕೆಸರು ನೀರನ್ನು ಅದೇ ಬಾಟಲಿಗೆ ಮೆಲ್ಲಗೆ ಸುರಿದಳು. ಹಳೆಯ ಪದರದ ಮೇಲೆ ಹೊಸ ಪದರ ಕುಳಿತಿತು. ಮತ್ತೆ ಕೆಳಗೆ ಒರಟು, ಮೇಲೆ ನಯ.

"ಈಗ ನೀವು ಇದನ್ನು ಸುರಿದದ್ದು ನೋಡಲೇ ಇಲ್ಲ ಎಂದುಕೊಳ್ಳಿ. ಎಷ್ಟು ಸಲ ಸುರಿದಿದ್ದಾರೆ ಎಂದು ಹೇಳಬಲ್ಲಿರಾ?" ಎಂದು ಕೇಳಿದಳು. ಅತ್ತೆ ಕನ್ನಡಕ ಸರಿಪಡಿಸಿಕೊಂಡು ಬಾಟಲಿಯನ್ನು ನೋಡಿದರು. "ಎರಡು ಸಲ" ಎಂದರು.

ಅಷ್ಟೇ, ಸಹೋದರಿಯರೇ. ಅತ್ತೆ ಆ ದಿನ ಭೂವಿಜ್ಞಾನದ ಮೊದಲ ಪಾಠ ಕಲಿತರು. ಅವರೊಂದಿಗೆ ನಾನೂ ಕಲಿತೆ. ಈ ತಿಂಗಳು ಅದನ್ನೇ ನಿಮ್ಮೊಂದಿಗೆ ಹಂಚಿಕೊಳ್ಳುತ್ತೇನೆ.

ನೀರಿನೊಳಗೆ ಹರಿಯುವ ಕೆಸರು

ಒಂದು ಸರೋವರದ ತಳ ಹೇಗಿರುತ್ತದೆ? ಅಲ್ಲಿ ಅಲೆಯಿಲ್ಲ, ಗಾಳಿಯಿಲ್ಲ. ವರ್ಷವಿಡೀ ನುಣ್ಣನೆಯ ಧೂಳು ಮೆಲ್ಲಗೆ ಇಳಿಯುತ್ತಿರುತ್ತದೆ. ಒಂದು ವರ್ಷಕ್ಕೆ ಒಂದೆರಡು ಮಿಲಿಮೀಟರ್ ಪದರ ಬಿದ್ದರೆ ಹೆಚ್ಚು. ಇದು ಸರೋವರದ ಶಾಂತ ಬದುಕು.

ಆದರೆ ಸರೋವರದ ಅಂಚು ಇಳಿಜಾರಾಗಿರುತ್ತದೆ. ನದಿ ತಂದ ಮರಳು, ಮಣ್ಣು ಆ ಇಳಿಜಾರಿನ ಮೇಲೆ ರಾಶಿ ಬೀಳುತ್ತದೆ. ಒಂದು ದಿನ ಭೂಮಿ ನಡುಗಿದರೆ, ಇಲ್ಲವೇ ಭಾರಿ ನೆರೆ ಬಂದರೆ, ಇಲ್ಲವೇ ರಾಶಿಯ ಭಾರ ತಾನೇ ಮಿತಿ ಮೀರಿದರೆ ಅದು ಜಾರುತ್ತದೆ. ಮೊದಲು ದೊಡ್ಡ ಹೆಂಟೆಯಾಗಿ ಜಾರುತ್ತದೆ. ಜಾರುತ್ತಾ ಮುರಿಯುತ್ತದೆ, ಮಡಚಿಕೊಳ್ಳುತ್ತದೆ. ಇನ್ನೂ ಮುಂದೆ ಹೋದಂತೆ ನೀರು ಬೆರೆತು ಗಟ್ಟಿ ಕೆಸರಾಗುತ್ತದೆ. ಮತ್ತಷ್ಟು ನೀರು ಬೆರೆತರೆ ತೆಳ್ಳಗಾಗಿ ಮೋಡದಂತೆ ತಳದುದ್ದಕ್ಕೂ ಓಡುತ್ತದೆ. ಇವೆಲ್ಲವನ್ನೂ ಒಟ್ಟಾಗಿ ಗುರುತ್ವ ಪ್ರವಾಹ ಎನ್ನುತ್ತಾರೆ. ಇಲ್ಲಿ ಮಣ್ಣನ್ನು ನೀರು ಹೊತ್ತೊಯ್ಯುವುದಲ್ಲ. ಮಣ್ಣಿನ ಭಾರವೇ ನೀರನ್ನೂ ಎಳೆದುಕೊಂಡು ಇಳಿಯುತ್ತದೆ.

ನೀರಿನೊಳಗೆ ಮತ್ತೊಂದು ನೀರು ಹರಿಯುವುದು ಹೇಗೆ ಎಂದು ಅಚ್ಚರಿಯಾಗಬಹುದು. ಫ್ರಿಜ್‌ನ ಬಾಗಿಲು ತೆರೆದಾಗ ತಣ್ಣನೆಯ ಗಾಳಿ ಮುಖಕ್ಕೆ ಬರುವುದಿಲ್ಲ, ಪಾದಕ್ಕೆ ತಗಲುತ್ತದೆ ಅಲ್ಲವೇ? ತಣ್ಣನೆಯ ಗಾಳಿ ಭಾರ, ಆದ್ದರಿಂದ ಬೆಚ್ಚನೆಯ ಗಾಳಿಯ ಕೆಳಗೆ ನುಸುಳುತ್ತದೆ. ಕೆಸರು ನೀರೂ ಹಾಗೆಯೇ. ಅದು ತಿಳಿ ನೀರಿಗಿಂತ ಭಾರ. ಉದ್ದನೆಯ ಪಾರದರ್ಶಕ ಡಬ್ಬದಲ್ಲಿ ನೀರು ತುಂಬಿ, ಒಂದು ಬದಿಯನ್ನು ಸ್ವಲ್ಪ ಎತ್ತರಿಸಿ, ಎತ್ತರದ ಕಡೆಯಿಂದ ಕೆಸರು ನೀರನ್ನು ಮೆಲ್ಲಗೆ ಬಿಡಿ. ಅದು ಮೇಲೆ ಹರಡದೆ ಹಾವಿನಂತೆ ತಳ ಹಿಡಿದು ಓಡುತ್ತದೆ. ಮಕ್ಕಳಿಗೆ ರಜೆಯಲ್ಲಿ ಇದಕ್ಕಿಂತ ಒಳ್ಳೆಯ ಆಟ ಬೇಕಿಲ್ಲ.

ಇದನ್ನು ಸರೋವರದಲ್ಲಿ ಮೊದಲು ಗುರುತಿಸಿದವರಲ್ಲಿ ಸ್ವಿಟ್ಜರ್ಲೆಂಡಿನ ಫ್ರಾನ್ಸ್ವಾ ಆಲ್ಫೋನ್ಸ್ ಫೋರೆಲ್ ಮುಖ್ಯರು. ಜಿನೀವಾ ಸರೋವರದ ದಂಡೆಯಲ್ಲಿ 1841ರಲ್ಲಿ ಹುಟ್ಟಿದ ಅವರು ತಮ್ಮ ಜೀವನವನ್ನೆಲ್ಲ ಆ ಒಂದೇ ಸರೋವರದ ಅಧ್ಯಯನಕ್ಕೆ ಮೀಸಲಿಟ್ಟರು. ರೋನ್ ನದಿಯ ಹಿಮ ಕರಗಿದ ನೀರು ತಣ್ಣಗೆ, ಕೆಸರಿನಿಂದ ತುಂಬಿ ಸರೋವರ ಸೇರುತ್ತದೆ. ಸೇರಿದ ಕೂಡಲೇ ಅದು ಕಣ್ಣಿಗೆ ಕಾಣದಂತೆ ಮುಳುಗಿಬಿಡುತ್ತದೆ. ಸರೋವರದ ತಳದಲ್ಲಿ ಉದ್ದನೆಯ ಕಣಿವೆಯೊಂದು ಇರುವುದು ಅಳತೆ ಮಾಡುವಾಗ ಪತ್ತೆಯಾಗಿತ್ತು. ಮುಳುಗಿದ ಈ ಭಾರದ ನೀರಿಗೂ ಆ ಕಣಿವೆಗೂ ಇರುವ ಸಂಬಂಧವನ್ನು ಫೋರೆಲ್ 1880ರ ದಶಕದಲ್ಲೇ ವಿವರಿಸಿದರು.

ಜಿನೀವಾದಲ್ಲಿ ಸುನಾಮಿ!

ಸುನಾಮಿ ಎಂದರೆ ನಮಗೆ 2004ರ ಡಿಸೆಂಬರ್ ನೆನಪಾಗುತ್ತದೆ. ಸುನಾಮಿ ಸಮುದ್ರದ್ದೇ ಎಂದು ನಾವೆಲ್ಲ ತಿಳಿದಿದ್ದೇವೆ. ಆದರೆ ಸುತ್ತ ಬೆಟ್ಟಗಳಿರುವ, ಸಮುದ್ರದಿಂದ ಬಹುದೂರದ ಜಿನೀವಾದಲ್ಲಿ ಕ್ರಿ.ಶ. 563ರಲ್ಲಿ ಸುನಾಮಿ ಬಂದಿತ್ತು ಎಂದರೆ ನಂಬುತ್ತೀರಾ?

ಆ ಕಾಲದ ಇಬ್ಬರು ಬಿಷಪರು ಇದನ್ನು ಬರೆದಿಟ್ಟಿದ್ದಾರೆ. ರೋನ್ ಕಣಿವೆಯ ತೌರೆದುನುಮ್ ಎಂಬಲ್ಲಿ ಬೆಟ್ಟ ಕುಸಿಯಿತು, ಸರೋವರ ಉಕ್ಕಿತು, ದಂಡೆಯ ಹಳ್ಳಿಗಳು ನಾಶವಾದವು, ಜಿನೀವಾದ ಸೇತುವೆಯೂ ಗಿರಣಿಗಳೂ ಕೊಚ್ಚಿಹೋದವು, ಜನ ಸತ್ತರು ಎಂದು. ಆದರೆ ಶತಮಾನಗಳು ಕಳೆದಂತೆ ಜನರು ಇದನ್ನು ಮರೆತರು. ಸರೋವರದ ಒಂದು ತುದಿಯಲ್ಲಿ ಬೆಟ್ಟ ಕುಸಿದರೆ ಸುಮಾರು 70 ಕಿಲೋಮೀಟರ್ ದೂರದ ಇನ್ನೊಂದು ತುದಿಯಲ್ಲಿ ಸೇತುವೆ ಮುರಿಯುವುದು ಹೇಗೆ ಎಂಬುದೂ ಒಗಟಾಗಿಯೇ ಉಳಿಯಿತು.

ಒಗಟು ಬಿಡಿಸಿದ್ದು ಜಿನೀವಾ ವಿಶ್ವವಿದ್ಯಾನಿಲಯದ ವಿಜ್ಞಾನಿಗಳು. ಕಟ್ರೀನಾ ಕ್ರೆಮರ್, ಗೈ ಸಿಂಪ್ಸನ್ ಮತ್ತು ಸ್ಟೆಫನಿ ಜಿರಾರ್‌ಕ್ಲೋ. ಮೂವರಲ್ಲಿ ಇಬ್ಬರು ಮಹಿಳೆಯರು ಎಂಬುದನ್ನು ಗಮನಿಸಿ. ಅವರು ದೋಣಿಯಿಂದ ಶಬ್ದದ ಅಲೆಗಳನ್ನು ಕಳುಹಿಸಿ ಸರೋವರದ ತಳದ ಒಳಪದರಗಳ ಚಿತ್ರ ತೆಗೆದರು. ಕೊಳವೆ ಇಳಿಸಿ ಕೆಸರಿನ ಮಾದರಿ ಮೇಲೆತ್ತಿದರು. ಅಲ್ಲಿ ಒಂದು ದೈತ್ಯ ಪದರ ಸಿಕ್ಕಿತು. ಹತ್ತು ಕಿಲೋಮೀಟರಿಗೂ ಹೆಚ್ಚು ಉದ್ದ, ಐದು ಕಿಲೋಮೀಟರ್ ಅಗಲ, ಸರಾಸರಿ ಐದು ಮೀಟರ್ ದಪ್ಪ. ಐದು ಮೀಟರ್ ಎಂದರೆ ನಮ್ಮ ಒಂದು ಅಂತಸ್ತಿನ ಮನೆಗಿಂತ ಎತ್ತರ! ಅಷ್ಟು ಕೆಸರು ವರ್ಷವರ್ಷವೂ ಸ್ವಲ್ಪಸ್ವಲ್ಪವೇ ಬಿದ್ದದ್ದಲ್ಲ, ಒಂದೇ ಸಲಕ್ಕೆ ಬಿದ್ದದ್ದು. ಅದರ ವಯಸ್ಸನ್ನು ಲೆಕ್ಕ ಹಾಕಿದಾಗ ಅದು 563ರ ಘಟನೆಗೆ ಹೊಂದಿತು.

ಆದದ್ದು ಏನೆಂದರೆ, ಬೆಟ್ಟ ಕುಸಿದ ಹೊಡೆತಕ್ಕೆ ರೋನ್ ನದಿಯ ಮುಖದಲ್ಲಿ ಸಾವಿರಾರು ವರ್ಷಗಳಿಂದ ರಾಶಿ ಬಿದ್ದಿದ್ದ ಮಣ್ಣು ಸರೋವರದೊಳಕ್ಕೆ ಜಾರಿತು. ಆ ಜಾರುವಿಕೆ ನೀರನ್ನು ತಳ್ಳಿತು. ಕಂಪ್ಯೂಟರ್ ಲೆಕ್ಕದ ಪ್ರಕಾರ ಲೊಸಾನ್ ಬಳಿ ಅಲೆ 13 ಮೀಟರ್ ಎತ್ತರವಿತ್ತು. ಸುಮಾರು 70 ನಿಮಿಷಗಳ ನಂತರ ಜಿನೀವಾವನ್ನು ಮುಟ್ಟಿದಾಗಲೂ ಅದು 8 ಮೀಟರ್ ಇತ್ತು. 2012ರಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಇಂದು ಆ ಸರೋವರದ ಸುತ್ತ ಹತ್ತು ಲಕ್ಷಕ್ಕೂ ಹೆಚ್ಚು ಜನ ವಾಸಿಸುತ್ತಾರೆ. ನದಿ ಈಗಲೂ ಮಣ್ಣು ತಂದು ರಾಶಿ ಹಾಕುತ್ತಲೇ ಇದೆ. ಹಿಂದೆ ಜಾರಿದ್ದು ಮುಂದೆಯೂ ಜಾರಬಹುದು ಎಂಬುದೇ ಆ ಮೂವರು ಕೊಟ್ಟ ಎಚ್ಚರಿಕೆ.

ಜನ ಮರೆತರು. ಸರೋವರದ ತಳ ಮರೆತಿರಲಿಲ್ಲ.

ಲಿಸಾನ್: ಮಾತಾಡುವ ಸರೋವರ

ಜಿನೀವಾ ಸರೋವರ ಈಗಲೂ ಇದೆ. ಆದರೆ ಬತ್ತಿಹೋದ ಸರೋವರಗಳೂ ತಮ್ಮ ಕಥೆಯನ್ನು ಉಳಿಸಿ ಹೋಗುತ್ತವೆ. ಅಂಥವುಗಳಲ್ಲಿ ಒಂದರ ಹೆಸರು ಕೇಳಿದರೆ ನಿಮಗೆ ಖುಷಿಯಾಗಬಹುದು. ಅದರ ಹೆಸರು ಲಿಸಾನ್. ಅರಬಿಯ ನಾಲ್ಕು ಅಕ್ಷರ ಕಲಿತ ಮಕ್ಕಳಿಗೂ ಗೊತ್ತು, ಲಿಸಾನ್ ಎಂದರೆ ನಾಲಿಗೆ.

ಮೃತ ಸಮುದ್ರದ ಬಗ್ಗೆ ನೀವು ಕೇಳಿದ್ದೀರಿ. ಹೆಸರಿಗೆ ಸಮುದ್ರ, ನಿಜದಲ್ಲಿ ಉಪ್ಪು ನೀರಿನ ಸರೋವರ. ಅದರ ಮೇಲ್ಮೈ ಸಮುದ್ರ ಮಟ್ಟಕ್ಕಿಂತ 430 ಮೀಟರಿಗೂ ಹೆಚ್ಚು ಕೆಳಗಿದೆ. ಜೋರ್ಡಾನಿನ ದಂಡೆಯಿಂದ ನಾಲಿಗೆಯಂತೆ ಚಾಚಿಕೊಂಡ ಒಂದು ಭೂಭಾಗಕ್ಕೆ ಅಲ್ಲಿನ ಜನ ಅಲ್-ಲಿಸಾನ್ ಎನ್ನುತ್ತಾರೆ. ಇಲ್ಲಿಂದಲೇ ವಿಜ್ಞಾನಿಗಳು ಹಳೆಯ ಸರೋವರಕ್ಕೆ ಹೆಸರು ಪಡೆದರು. ಸುಮಾರು 70,000 ವರ್ಷಗಳ ಹಿಂದಿನಿಂದ ಸುಮಾರು 15,000 ವರ್ಷಗಳ ಹಿಂದಿನವರೆಗೆ ಲಿಸಾನ್ ಸರೋವರ ಅಲ್ಲಿತ್ತು. ತುಂಬಿದ್ದ ಕಾಲದಲ್ಲಿ ಅದು ಉತ್ತರದ ಗಲಿಲಿ ಸರೋವರದವರೆಗೂ ವ್ಯಾಪಿಸಿತ್ತು. ಅದು ಕುಗ್ಗಿ ಉಳಿದದ್ದೇ ಇಂದಿನ ಮೃತ ಸಮುದ್ರ.

ನೀರು ಇಳಿದ ಮೇಲೆ ಅದರ ತಳದ ಪದರಗಳು ಬಯಲಿಗೆ ಬಂದವು. ಮಳೆ ನೀರು ಕೊರೆದ ಕಣಿವೆಗಳ ಗೋಡೆಗಳಲ್ಲಿ ಅವನ್ನು ಇಂದು ಯಾರೂ ನೋಡಬಹುದು. ಒಂದು ಬಿಳಿ ಗೆರೆ, ಒಂದು ಕಂದು ಗೆರೆ, ಮತ್ತೆ ಬಿಳಿ, ಮತ್ತೆ ಕಂದು. ಕಾಗದದ ಕಟ್ಟು ಜೋಡಿಸಿಟ್ಟಂತೆ! ಬೇಸಿಗೆಯಲ್ಲಿ ನೀರು ಆವಿಯಾದಾಗ ಸುಣ್ಣದಂಥ ಬಿಳಿ ಪುಡಿ ತಳ ಸೇರುತ್ತಿತ್ತು. ಚಳಿಗಾಲದ ಮಳೆಯಲ್ಲಿ ಹಳ್ಳಗಳು ಕಂದು ಮಣ್ಣು ತರುತ್ತಿದ್ದವು. ಹೀಗೆ ಒಂದು ಜೋಡಿ ಗೆರೆ ಎಂದರೆ ಹೆಚ್ಚುಕಡಿಮೆ ಒಂದು ವರ್ಷ.

ಈ ನೆಟ್ಟಗಿನ ಗೆರೆಗಳ ನಡುವೆ ಅಲ್ಲಲ್ಲಿ ವಿಚಿತ್ರವಾದ ಪದರಗಳಿವೆ. ಕೆಲವೆಡೆ ಗೆರೆಗಳು ಸೀರೆಯ ನೆರಿಗೆಯಂತೆ ಮಡಚಿಕೊಂಡಿವೆ. ಕೆಲವೆಡೆ ಬಿಳಿ ಕಂದು ಎರಡೂ ಚೂರುಚೂರಾಗಿ ಬೆರೆತುಹೋಗಿವೆ. ಅದರ ಮೇಲೆ ಮತ್ತೆ ಏನೂ ಆಗಿಲ್ಲವೆಂಬಂತೆ ನೆಟ್ಟಗಿನ ಗೆರೆಗಳು. ಏನಾಯಿತು ಅಲ್ಲಿ?

ಭೂಕಂಪವಾಯಿತು. ಮೃತ ಸಮುದ್ರದ ಕೆಳಗೆ ಭೂಮಿಯ ಎರಡು ಬೃಹತ್ ಫಲಕಗಳ ಗಡಿಯಿದೆ. ಅದು ಜರುಗಿದಾಗ ಸರೋವರದ ತಳದ ಮೆತ್ತನೆಯ ಕೆಸರು ನಡುಗಿ ಮಡಚಿತು. ಅಂಚಿನ ಮಣ್ಣು ಜಾರಿ, ಓಡಿ, ಆಳದಲ್ಲಿ ಹೋಗಿ ಹರಡಿತು. ನಂತರ ನೀರು ತಿಳಿಯಾಯಿತು. ಮರುವರ್ಷದ ಬಿಳಿ ಗೆರೆ ಅದರ ಮೇಲೆ ಬಿತ್ತು. ಶ್ಮುಯೆಲ್ ಮಾರ್ಕೊ, ಅಮೋತ್ಸ್ ಅಗ್ನೋನ್ ಮೊದಲಾದ ಭೂವಿಜ್ಞಾನಿಗಳು ಈ ಕದಡಿದ ಪದರಗಳನ್ನು ಒಂದೊಂದಾಗಿ ಎಣಿಸಿ, ಸುಮಾರು 50,000 ವರ್ಷಗಳ ಭೂಕಂಪಗಳ ಪಟ್ಟಿಯನ್ನು 1996ರಲ್ಲಿ ಪ್ರಕಟಿಸಿದರು.

ಮುಂದೆ 2010-11ರಲ್ಲಿ ಮೃತ ಸಮುದ್ರದ ನಟ್ಟನಡುವೆಯೇ ತೇಲುವ ಯಂತ್ರ ನಿಲ್ಲಿಸಿ ತಳವನ್ನು 450 ಮೀಟರಿಗೂ ಹೆಚ್ಚು ಆಳಕ್ಕೆ ಕೊರೆದರು. ಸರೋವರದ ಆಳದ ನಡುಭಾಗ ಸುತ್ತಲಿನಿಂದ ಜಾರಿದ್ದೆಲ್ಲ ಬಂದು ಸೇರುವ ಜಾಗ. ಅಡುಗೆ ಮನೆಯ ಸಿಂಕಿನ ತಳದ ಹಾಗೆ. ಅಲ್ಲಿ ಸಿಕ್ಕ ಮಣ್ಣಿನ ಕಂಬದಲ್ಲಿ ಉಪ್ಪಿನ ದಪ್ಪ ಪದರಗಳಿದ್ದವು, ಬಿಳಿ ಕಂದು ಗೆರೆಗಳಿದ್ದವು, ಜಾರಿ ಬಂದ ಕೆಸರಿನ ಪದರಗಳೂ ಇದ್ದವು. ಒಟ್ಟು 2,20,000 ವರ್ಷಗಳ ದಿನಚರಿ!

ಅದನ್ನು ಓದಿದ ವಿಜ್ಞಾನಿಗಳು 2020ರಲ್ಲಿ ಹೇಳಿದ ಮಾತು ಗಂಭೀರವಾದದ್ದು. ಆ ಪ್ರದೇಶದಲ್ಲಿ 7 ಅಥವಾ ಅದಕ್ಕಿಂತ ಹೆಚ್ಚು ತೀವ್ರತೆಯ ಭೂಕಂಪ ಸರಾಸರಿ 11,000 ವರ್ಷಕ್ಕೊಮ್ಮೆ ಬರುತ್ತದೆ ಎಂಬ ಅಂದಾಜು ಮೊದಲು ಇತ್ತು. ಸರೋವರದ ತಳ ಹೇಳಿದ್ದು ಬೇರೆ. ಸರಾಸರಿ 1,400 ವರ್ಷಕ್ಕೊಮ್ಮೆ, ಅಥವಾ ಅದಕ್ಕೂ ಬೇಗ. ಅದೂ ಗಡಿಯಾರದ ಮುಳ್ಳಿನಂತೆ ನಿಯಮಿತವಾಗಿ ಅಲ್ಲ. ಬಹುಕಾಲ ಸುಮ್ಮನಿದ್ದು ಆಮೇಲೆ ಗುಂಪುಗುಂಪಾಗಿ ಬರುತ್ತವೆ. ಇದು ಕೇವಲ ಪುಸ್ತಕದ ಲೆಕ್ಕವಲ್ಲ. ಜೋರ್ಡಾನ್, ಪ್ಯಾಲೆಸ್ತೀನ್, ಇಸ್ರೇಲ್‌ಗಳಲ್ಲಿ ಆ ಗಡಿಯ ಆಚೀಚೆ ಲಕ್ಷಾಂತರ ಕುಟುಂಬಗಳಿವೆ. 1927ರ ಜುಲೈ 11ರಂದು ಅಲ್ಲಿ ಆದ ಭೂಕಂಪದಲ್ಲಿ ನೂರಾರು ಜನ ಸತ್ತರು. ಶಾಲೆಯ ಗೋಡೆ ಎಷ್ಟು ಗಟ್ಟಿಯಿರಬೇಕು, ಆಸ್ಪತ್ರೆಯ ಕಂಬಕ್ಕೆ ಎಷ್ಟು ಕಬ್ಬಿಣ ಹಾಕಬೇಕು ಎಂಬುದು ಇಂಥ ಲೆಕ್ಕದ ಮೇಲೆಯೇ ನಿಂತಿದೆ.

ನೆರೆಯೋ, ನಡುಕವೋ?

ಒಂದು ಸಂಶಯ ನಿಮಗೂ ಬಂದಿರಬಹುದು. ಮಣ್ಣು ಜಾರಿದ್ದು ಭೂಕಂಪದಿಂದಲೇ ಎಂದು ಹೇಗೆ ಗೊತ್ತು? ನೆರೆಯಿಂದಲೂ ಜಾರಬಹುದಲ್ಲ? ನಾನೂ ಮಗಳಿಗೆ ಇದನ್ನೇ ಕೇಳಿದೆ. ಅವಳ ಉತ್ತರ ಸರಳವಾಗಿತ್ತು. "ಶೆಲ್ಫಿನಿಂದ ಒಂದು ಪಾತ್ರೆ ಬಿದ್ದರೆ ಬೆಕ್ಕು ಬೀಳಿಸಿತು ಅನ್ನಬಹುದು. ಮನೆಯ ಎಲ್ಲ ಕೋಣೆಯ ಶೆಲ್ಫುಗಳಿಂದಲೂ ಒಂದೇ ಕ್ಷಣಕ್ಕೆ ಪಾತ್ರೆ ಬಿದ್ದರೆ?"

ವಿಜ್ಞಾನಿಗಳು ಮಾಡುವುದೂ ಅದನ್ನೇ. ಸ್ವಿಟ್ಜರ್ಲೆಂಡಿನ ಲುಸರ್ನ್ ಸರೋವರದಲ್ಲಿ 1601ರ ಸೆಪ್ಟೆಂಬರಿನಲ್ಲಿ ಆದ ಭೂಕಂಪದ ಗುರುತನ್ನು ಹಾಗೆಯೇ ಹುಡುಕಿದರು. ಸರೋವರದ ಬೇರೆ ಬೇರೆ ಭಾಗಗಳಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಇಳಿಜಾರುಗಳಲ್ಲಿ ಒಂದೇ ಸಮಯಕ್ಕೆ ಮಣ್ಣು ಜಾರಿತ್ತು. ಒಂದು ಹಳ್ಳದ ನೆರೆ ಹಾಗೆ ಮಾಡಲಾರದು. ನೆರೆ ತಂದ ಪದರ ಆ ಹಳ್ಳದ ಮುಖದ ಬಳಿ ದಪ್ಪಗಿದ್ದು ದೂರ ಹೋದಂತೆ ತೆಳ್ಳಗಾಗುತ್ತದೆ. ಅದೂ ಅಲ್ಲದೆ, ರಭಸದಿಂದ ಓಡಿದ ಕೆಸರು ತಳವನ್ನು ಗೀರಿಕೊಂಡು ಹೋಗುತ್ತದೆ. ಹಿಡಿಸೂಡಿಯ ಗುರುತು ಅಂಗಳದಲ್ಲಿ ಉಳಿಯುವಂತೆ ಆ ಗೀರು ಪದರದ ಅಡಿಯಲ್ಲಿ ಅಚ್ಚಾಗಿ ಉಳಿಯುತ್ತದೆ. ಮಣ್ಣು ಯಾವ ದಿಕ್ಕಿನಿಂದ ಬಂತು ಎಂಬುದನ್ನೂ ಅದು ಹೇಳುತ್ತದೆ.

ಈ ವಿದ್ಯೆಗೆ ಹಣದ ಬೆಲೆಯೂ ಇದೆ ಎಂಬುದನ್ನು ಹೇಳದಿದ್ದರೆ ಅತ್ತೆಯ ಪ್ರಶ್ನೆಗೆ ಪೂರ್ತಿ ಉತ್ತರ ಸಿಗದು. ಚೀನಾದ ಒರ್ಡೋಸ್ ಎಂಬಲ್ಲಿ ಇಪ್ಪತ್ತು ಕೋಟಿ ವರ್ಷಗಳಿಗೂ ಹಿಂದೆ ವಿಶಾಲವಾದ ಸರೋವರವಿತ್ತು. ಅದರ ತಳದಲ್ಲಿ ಪಾಚಿ ಮೊದಲಾದ ಜೀವಿಗಳು ಸತ್ತು ಕಪ್ಪು ಕೆಸರಾದವು. ಆ ಕೆಸರು ಹೂತು, ಬಿಸಿಯಾಗಿ, ತೈಲವಾಯಿತು. ಅಂಚಿನಿಂದ ಜಾರಿ ಬಂದ ಮರಳಿನ ಪದರಗಳು ಅದೇ ಕೆಸರಿನ ನಡುವೆ ಸಿಲುಕಿದ್ದವು. ಮರಳಿನ ಕಣಗಳ ಸಂದಿಯಲ್ಲಿ ತೈಲ ತುಂಬಿಕೊಂಡಿತು, ಬಜ್ಜಿಯ ಕೆಳಗಿಟ್ಟ ಕಾಗದ ಎಣ್ಣೆ ಹೀರಿಕೊಂಡಂತೆ. ಅಲ್ಲಿ ನೂರು ಕೋಟಿ ಟನ್ನಿನಷ್ಟು ತೈಲ ಸಂಗ್ರಹವನ್ನು ಗುರುತಿಸಿದ್ದೇವೆ ಎಂದು ಚೀನಾ 2019ರಲ್ಲಿ ಪ್ರಕಟಿಸಿತು. ಎಂದೋ ಜಾರಿದ ಮಣ್ಣು ಎಲ್ಲಿ ಹೋಗಿ ನಿಂತಿತು ಎಂದು ಬಲ್ಲವರೇ ಎಲ್ಲಿ ಕೊರೆಯಬೇಕೆಂದು ಹೇಳಬಲ್ಲರು.

ನಮ್ಮ ಹೊಳೆಯ ಆಚೆ ದಡ

ಸಹೋದರಿಯರೇ, ಇಷ್ಟು ದೂರದ ಊರುಗಳ ಕಥೆ ನಮಗೇಕೆ ಎನ್ನಬೇಡಿ. 2024ರ ಜುಲೈ 16ರ ಬೆಳಿಗ್ಗೆ ಉತ್ತರ ಕನ್ನಡದ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಏನಾಯಿತು ಎಂಬುದನ್ನು ನೀವು ಮರೆತಿರಲಿಕ್ಕಿಲ್ಲ. ಹೆದ್ದಾರಿಯ ಪಕ್ಕದ ಗುಡ್ಡ ಕುಸಿಯಿತು. ಚಹಾದಂಗಡಿಯೂ ಅಲ್ಲಿದ್ದವರೂ ಮಣ್ಣಿನ ಪಾಲಾದರು. ಕೇರಳದ ಚಾಲಕನೊಬ್ಬನ ಲಾರಿ ಗಂಗಾವಳಿ ನದಿಯ ತಳ ಸೇರಿ, ಎರಡು ತಿಂಗಳಿಗೂ ಹೆಚ್ಚು ಕಾಲದ ನಂತರ ಸೆಪ್ಟೆಂಬರ್ 25ರಂದು ಪತ್ತೆಯಾಯಿತು.

ಆದರೆ ಆ ದಿನದ ಇನ್ನೊಂದು ದುರಂತವನ್ನು ಹೆಚ್ಚು ಜನ ಗಮನಿಸಲಿಲ್ಲ. ಕುಸಿದ ಗುಡ್ಡದ ಮಣ್ಣು ನದಿಗೆ ಬಿದ್ದ ರಭಸಕ್ಕೆ ನೀರು ಎದ್ದು ಆಚೆ ದಡದ ಉಳುವರೆ ಗ್ರಾಮಕ್ಕೆ ನುಗ್ಗಿತು. ಅಲ್ಲಿ ಗುಡ್ಡ ಕುಸಿದಿರಲಿಲ್ಲ. ಆದರೂ ಮನೆಗಳು ನಾಶವಾದವು, ಜೀವಹಾನಿಯಾಯಿತು. 563ರಲ್ಲಿ ಜಿನೀವಾದ ಜನ ಕಂಡದ್ದು ಅದನ್ನೇ. ಅಳತೆ ಸಣ್ಣದು, ಕಾರಣ ಅದೇ.

ಹಿಮಾಲಯದಲ್ಲೂ ಇದು ನಡೆಯಿತು. 2023ರ ಅಕ್ಟೋಬರ್ 3ರ ರಾತ್ರಿ ಸಿಕ್ಕಿಮಿನ ದಕ್ಷಿಣ ಲ್ಹೋನಾಕ್ ಎಂಬ ಹಿಮ ಸರೋವರಕ್ಕೆ ಅದರ ದಂಡೆಯ ಮಣ್ಣು ಕಲ್ಲುಗಳ ದಿಣ್ಣೆ ಜಾರಿ ಬಿತ್ತು. ಎದ್ದ ಅಲೆ ಸರೋವರದ ಕಟ್ಟೆಯನ್ನು ಒಡೆಯಿತು. ತೀಸ್ತಾ ನದಿಯಲ್ಲಿ ಬಂದ ಪ್ರವಾಹ ಚುಂಗ್‌ಥಾಂಗಿನ ಅಣೆಕಟ್ಟನ್ನೇ ಕೊಚ್ಚಿಕೊಂಡು ಹೋಯಿತು. ಮಲಗಿದ್ದ ಜನರಿಗೆ ಎಚ್ಚರಾಗುವಷ್ಟರಲ್ಲಿ ನೀರು ಬಾಗಿಲಿಗೆ ಬಂದಿತ್ತು.

ಹಾಗಾದರೆ ನಾವು ಏನು ಮಾಡಬಹುದು? ಗುಡ್ಡದ ಬುಡದಲ್ಲಿ, ಹೊಳೆಯ ದಡದಲ್ಲಿ ನಮ್ಮಲ್ಲಿ ಎಷ್ಟೋ ಮನೆಗಳಿವೆ. ಎಲ್ಲರೂ ಬಿಟ್ಟು ಹೋಗಲು ಸಾಧ್ಯವಿಲ್ಲ. ಆದರೆ ಮಳೆಗಾಲದಲ್ಲಿ ಕೆಲವು ಗುರುತುಗಳನ್ನು ನೋಡುತ್ತಿರಬೇಕು. ಮನೆಯ ಹಿಂದಿನ ಗುಡ್ಡದಲ್ಲಿ, ಅಂಗಳದಲ್ಲಿ ಹೊಸ ಬಿರುಕು ಕಾಣಿಸಿಕೊಂಡಿದೆಯೇ? ನೆಟ್ಟಗಿದ್ದ ಮರ, ಕರೆಂಟು ಕಂಬ ವಾಲಿದೆಯೇ? ಸಲೀಸಾಗಿ ಮುಚ್ಚುತ್ತಿದ್ದ ಬಾಗಿಲು ಒಮ್ಮೆಲೇ ಸಿಕ್ಕಿಹಾಕಿಕೊಳ್ಳುತ್ತಿದೆಯೇ? ತಿಳಿಯಾಗಿದ್ದ ಒರತೆಯ ನೀರು ಕೆಂಪಾಗಿದೆಯೇ? ಎಂದೂ ಇಲ್ಲದ ಕಡೆ ನೀರು ಜಿನುಗುತ್ತಿದೆಯೇ? ಇವುಗಳಲ್ಲಿ ಯಾವುದು ಕಂಡರೂ ಪಂಚಾಯತಿಗೆ ತಿಳಿಸಿ. ಮಳೆ ಜೋರಾಗಿದ್ದರೆ ಆ ರಾತ್ರಿ ಬೇರೆಡೆ ಮಲಗಿ. ಗುಡ್ಡವನ್ನು ನೆಟ್ಟಗೆ ಕತ್ತರಿಸಿ ಮನೆ ಕಟ್ಟುವವರಿಗೆ ಬೇಡವೆನ್ನಿ. ಹೊಳೆಯ ಎದುರು ದಡದಲ್ಲಿ ಕುಸಿಯುತ್ತಿದ್ದರೆ ನೋಡಲು ಈಚೆ ದಡದಲ್ಲಿ ಮಕ್ಕಳೊಂದಿಗೆ ನಿಲ್ಲಬೇಡಿ. ಮನೆಯಲ್ಲಿ ಹೆಚ್ಚು ಹೊತ್ತು ಇರುವವರು ನಾವು. ಬಾಗಿಲು ಬಿಗಿಯಾದದ್ದು, ಒರತೆ ಕೆಂಪಾದದ್ದು ಮೊದಲು ಗೊತ್ತಾಗುವುದು ನಮಗೇ.

ಇನ್ನೂ ಒಂದು ಮಾತು. ನಿಮ್ಮ ಮನೆಯ ಹಿರಿಯರನ್ನು ಕೇಳಿ, ಈ ಗುಡ್ಡ ಹಿಂದೆ ಯಾವಾಗಲಾದರೂ ಜಾರಿತ್ತೇ ಎಂದು. ಅವರ ನೆನಪು ಐವತ್ತು ಅರುವತ್ತು ವರ್ಷದ್ದು. ಅದಕ್ಕಿಂತ ಹಿಂದಿನದು ಮಣ್ಣಿಗೆ ಮಾತ್ರ ಗೊತ್ತು. ಮಣ್ಣಿನ ಆ ಮಾತು ಬಲ್ಲವರು ನಮ್ಮ ಊರಿನಲ್ಲೂ ಕೆಲವರಾದರೂ ಇರಬೇಡವೇ?

ಈ ಪ್ರಶ್ನೆಯನ್ನು ನಾನು ಮನೆಯಲ್ಲೂ ಕೇಳಿದೆ. ಅತ್ತೆಯ ತವರುಮನೆ ಹೊನ್ನಾವರದ ಕಡೆ, ಗುಡ್ಡದ ಬುಡದಲ್ಲೇ ಇದೆ. ಅವರ ತಮ್ಮನ ಸಂಸಾರ ಈಗ ಅಲ್ಲಿದೆ. ಕಳೆದ ವರ್ಷ ಮನೆಯ ಹಿಂದೆ ಹೊಸ ಕೋಣೆಗೆಂದು ಗುಡ್ಡವನ್ನು ಜೆಸಿಬಿಯಿಂದ ಕತ್ತರಿಸಿದ್ದಾರೆ. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆ ಬಾಟಲಿ ಇನ್ನೂ ಕಿಟಕಿಯ ಬಳಿಯೇ ಇತ್ತು. ನೀರು ಪೂರ್ತಿ ತಿಳಿಯಾಗಿ, ಎರಡು ಪದರಗಳು ಸ್ಪಷ್ಟವಾಗಿ ಕಾಣುತ್ತಿದ್ದವು. ಅವರು ಮೊಮ್ಮಗಳನ್ನು ಕರೆದು ಕೇಳಿದರು.

"ಮೂರು ವರ್ಷ ಓದಿದ ಮೇಲೆ ನಮ್ಮ ತವರಿನ ಗುಡ್ಡ ನೋಡಿ ಹೇಳಬಲ್ಲೆಯಾ?"

"ನೋಡಿ ಹೇಳುತ್ತೇನೆ. ಆದರೆ ಅಲ್ಲಿಯವರೆಗೆ ಕಾಯಬೇಡಿ. ಈ ಮಳೆಗಾಲಕ್ಕೆ ಮೊದಲೇ ಯಾರಾದರೂ ಬಲ್ಲವರನ್ನು ಕರೆಸಿ ತೋರಿಸಲು ಹೇಳಿ."

ಅತ್ತೆ ಆ ಸಂಜೆಯೇ ತಮ್ಮನಿಗೆ ಫೋನ್ ಮಾಡಿದರು. ಮರುದಿನ ಯಜಮಾನರು ಕಾಲೇಜಿನ ಅರ್ಜಿ ತಂದು ಮೇಜಿನ ಮೇಲಿಟ್ಟರು. ಯಾರೂ ಏನೂ ಹೇಳಲಿಲ್ಲ. ನಾನು ಮಾತ್ರ ಮಗಳಿಗೆ ಒಂದು ಷರತ್ತು ಹಾಕಿದೆ. ನನ್ನ ಜಾಮ್ ಬಾಟಲಿಯನ್ನು ತೊಳೆದು ಕೊಡಬೇಕು ಎಂದು.

ನಿಮ್ಮ ಮನೆಯಲ್ಲೂ ಹೀಗೆ ಯಾರಿಗೂ ಅರ್ಥವಾಗದ ವಿಷಯ ಓದಬೇಕೆಂದು ಹಠ ಹಿಡಿದ ಹೆಣ್ಣು ಮಗಳಿದ್ದರೆ, ಬೇಡವೆನ್ನುವ ಮೊದಲು ಒಮ್ಮೆ ಅವಳ ಮಾತು ಕೇಳಿ. ಅವಳಿಗೊಂದು ಖಾಲಿ ಬಾಟಲಿ ಕೊಟ್ಟು ನೋಡಿ. ಮುಂದಿನ ತಿಂಗಳು ಮತ್ತೆ ಭೇಟಿಯಾಗೋಣ.